ಇನ್ನೂರ ನಲವತ್ತು ದಿನಗಳ ಲೆಕ್ಕ

ಚಾಮರಾಜನಗರ, ಸಂತೇಮರಹಳ್ಳಿ, ಮಾಂಬಳ್ಳಿಗಳ ಸರ್ಕಾರಿ ರೇಷ್ಮೆ ಫಿಲೇಚರ್‌ಗಳು ನಮ್ಮ ಸೀಮೆಯ ಬಡವರಿಗೆ ದೊಡ್ಡ ಹೆಸರು. 1980ರಲ್ಲಿ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮ ರಚನೆಯಾದಾಗ ಅವು ಅದರ ಕೈಸೇರಿದವು. ಬಿಸಿನೀರಿನಲ್ಲಿ ಬೆಂದ ಗೂಡಿನಿಂದ ಎಳೆ ಹುಡುಕಿ ಬಿಚ್ಚುವ ಕೆಲಸ. ಬೆರಳು ಒಣಗುವ ಹಾಗಿಲ್ಲ. ಆ ಬೆರಳುಗಳಿಗೆ ಸಂಬಳ ಸಹಿತ ರಜೆ ಸಿಕ್ಕಿದ ಕಥೆಯನ್ನು ನಾವು ಮರೆತೇ ಬಿಟ್ಟಿದ್ದೇವೆ.

1936ರಲ್ಲಿ ಜಿನೀವಾದ ಅಂತರರಾಷ್ಟ್ರೀಯ ಕಾರ್ಮಿಕ ಸಮ್ಮೇಳನ ವರ್ಷಕ್ಕೆ ಕನಿಷ್ಠ 6 ದಿನಗಳ ರಜೆಯನ್ನು ಒಪ್ಪಿತು. ಬ್ರಿಟಿಷ್ ಇಂಡಿಯಾದ ಕಾರ್ಖಾನೆ ಕಾನೂನಿಗೆ ಅದು ಬಂದದ್ದು 1945ರ ತಿದ್ದುಪಡಿಯಲ್ಲಿ, 10 ದಿನಗಳಾಗಿ. ಆಗ ಕೊಳ್ಳೇಗಾಲ ಮದರಾಸು ಪ್ರಾಂತ್ಯದ್ದು, ಚಾಮರಾಜನಗರ ಗುಂಡ್ಲುಪೇಟೆಗಳು ಮೈಸೂರು ಅರಸರವು. ಇಂದು ಒಂದೇ ಜಿಲ್ಲೆಯಾಗಿರುವ ಊರುಗಳಿಗೆ ಅಂದು ಎರಡು ಕಾನೂನು!

ಸ್ವತಂತ್ರ ಭಾರತದ 1948ರ ಕಾರ್ಖಾನೆ ಕಾಯ್ದೆ ಈ ಭೇದವನ್ನು ಅಳಿಸಿತು. ಅದರ 116ನೇ ಕಲಮು, ಬೇರೆ ರೀತಿ ಹೇಳದ ಹೊರತು, ಸರ್ಕಾರದ ಕಾರ್ಖಾನೆಗಳಿಗೂ ಈ ಕಾಯ್ದೆ ಅನ್ವಯ ಎಂದಿತು. ಕಾನೂನು ಮಾಡುವ ದೊರೆಯೇ ಧಣಿಯಾದಾಗಲೂ ಕಾನೂನಿಗೆ ತಲೆಬಾಗಬೇಕು ಎಂಬುದು ಸಣ್ಣ ಮಾತಲ್ಲ. 1954ರ ತಿದ್ದುಪಡಿಯ ನಂತರ ಲೆಕ್ಕ ಹೀಗಾಯಿತು: ಒಂದು ವರ್ಷದಲ್ಲಿ 240 ದಿನ ದುಡಿದವರಿಗೆ ಮರುವರ್ಷ ಪ್ರತಿ 20 ದಿನಕ್ಕೊಂದು ರಜೆ. ಗೂಡಿಲ್ಲದೆ ಲೇ ಆಫ್ ಆದ ದಿನಗಳೂ, 12 ವಾರಗಳವರೆಗಿನ ಹೆರಿಗೆ ರಜೆಯೂ 240ರ ಲೆಕ್ಕಕ್ಕೆ ಸೇರುತ್ತಿದ್ದವು. ಆದರೆ ಆ ದಿನಗಳಿಗೆ ಹೊಸ ರಜೆ ಹುಟ್ಟುತ್ತಿರಲಿಲ್ಲ. ನಾಲ್ಕು ದಿನಕ್ಕೆ ಕಡಿಮೆಯಿಲ್ಲದ ರಜೆ ಮಂಜೂರಾದರೆ ಆ ದಿನಗಳ ಸಂಬಳ ಮುಂಗಡವಾಗಿಯೇ ಕೈಗೆ ಬರಬೇಕಿತ್ತು. ಮಗಳ ಮದುವೆಗೆ ಬಡ್ಡಿಸಾಲ ಎತ್ತುವವರಿಗೆ ಇದರ ಬೆಲೆ ಗೊತ್ತು.

ಹಬ್ಬದ ರಜೆಗಳಿಗೆ ಮೈಸೂರು ರಾಜ್ಯ 1963ರಲ್ಲಿ ಬೇರೆಯೇ ಕಾಯ್ದೆ ಮಾಡಿತು. ಅಂಥ ದಿನ ದುಡಿಸಿಕೊಂಡರೆ ಇಮ್ಮಡಿ ಕೂಲಿ, ಇಲ್ಲವೇ ಕೂಲಿಯ ಜೊತೆ ಬದಲಿ ರಜೆ. ಮೊದಲೇ ಬರೆದಿಟ್ಟ ರಜಾಪಟ್ಟಿಗೆ ಈದ್‌ನ ಚಂದ್ರ ಬದ್ಧನಲ್ಲ ಎಂಬ ಪೇಚು ಮಾತ್ರ ಉಳಿಯಿತು.

ಇಷ್ಟೆಲ್ಲ ಗೇಟಿನ ಒಳಗೆ. ನೂಲು ಬಿಚ್ಚುವ ಕಸುಬಿನಲ್ಲಿ ಮುಸ್ಲಿಮರು ಬಹಳ. ರಾಮನಗರ, ಶಿಡ್ಲಘಟ್ಟ, ಕೊಳ್ಳೇಗಾಲಗಳಲ್ಲಿ ಮನೆಮನೆಯಲ್ಲೂ ಚರಕ ತಿರುಗಿದೆ. ವಿದ್ಯುತ್ ಇದ್ದರೆ 10, ಇಲ್ಲದಿದ್ದರೆ 20 ಜನ ದುಡಿಯುವ ಜಾಗವನ್ನು ಮಾತ್ರ ಕಾಯ್ದೆ ಕಾರ್ಖಾನೆ ಎಂದಿತು. ಆರೇಳು ಮಂದಿಯ ಮನೆಯಲ್ಲಿ ಅದೇ ಬಿಸಿನೀರು, ಅದೇ ಬೆರಳು. ರಜೆ ಎಂದರೆ ಕೂಲಿ ಇಲ್ಲದ ದಿನ. ಗುಂಡ್ಲುಪೇಟೆಯ ಅರಿಶಿನ, ಚೆಂಡುಹೂವಿನ ಹೊಲಗಳಿಗೆ ಹೋಗುವ ಹೆಂಗಸರಿಗಂತೂ ಹಾಜರಿ ಪುಸ್ತಕವೇ ಇಲ್ಲ, 240 ಎಣಿಸುವವರು ಯಾರು?

2025ರ ನವೆಂಬರ್ 21ರಂದು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು 240 ದಿನ 180ಕ್ಕೆ ಇಳಿದಿದೆ. ಹತ್ತು ಜನ ತುಂಬದ ಚರಕದ ಮನೆ ಈಗಲೂ ಆ ಲೆಕ್ಕದ ಹೊರಗೇ ಇದೆ.