ಸದಲಗಾದ ವಿದ್ವಾಂಸರೂ ಗಣಕದೊಳಗಿನ ನಕಲುಗಳೂ

ಚಿಕ್ಕೋಡಿ ಸೀಮೆಯ ಸದಲಗಾದಲ್ಲಿ 1906ರಲ್ಲಿ ಹುಟ್ಟಿದ ಡಾ. ಆ. ನೇ. ಉಪಾಧ್ಯೆ ಅವರು ಆಯುಷ್ಯದ ಬಹುಭಾಗವನ್ನು ಕಳೆದದ್ದು ಒಂದೇ ಗ್ರಂಥದ ಹಲವು ಹಸ್ತಪ್ರತಿಗಳನ್ನು ಎದುರಿಗಿಟ್ಟುಕೊಂಡು ಸಾಲು ಸಾಲಾಗಿ ಹೋಲಿಸುವುದರಲ್ಲಿ. ಕೊಲ್ಹಾಪುರದ ರಾಜಾರಾಮ್ ಕಾಲೇಜಿನಲ್ಲಿ ಅರ್ಧಮಾಗಧಿಯ ಪ್ರಾಧ್ಯಾಪಕರಾಗಿದ್ದ ಅವರು 1935ರಲ್ಲಿ ಕುಂದಕುಂದಾಚಾರ್ಯರ ‘ಪ್ರವಚನಸಾರ’ವನ್ನೂ 1943ರಲ್ಲಿ ಹರಿಷೇಣನ ‘ಬೃಹತ್ಕಥಾಕೋಶ’ವನ್ನೂ ಸಂಪಾದಿಸಿ ಹೊರತಂದರು. 1967ರಲ್ಲಿ ಶ್ರವಣಬೆಳಗೊಳದಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರೂ ಅವರೇ. ಇಂಥವರ ಹೆಸರನ್ನು ಗಣಕದ ಫೈಲುಗಳ ಮಾತಿನ ನಡುವೆ ತರುವುದು ಕೆಲವರಿಗೆ ವಿಚಿತ್ರವೆನಿಸೀತು. ಆದರೆ ಅವರನ್ನು ಕಾಡಿದ ಪ್ರಶ್ನೆಯೇ ಇಂದು ನಿಪ್ಪಾಣಿಯ ಡಿಟಿಪಿ ಅಂಗಡಿಯವರನ್ನೂ ಅಥಣಿಯ ಫೋಟೊ ಸ್ಟುಡಿಯೊದವರನ್ನೂ ಕಾಡುತ್ತದೆ. ಈ ಎರಡು ಪ್ರತಿಗಳು ನಿಜವಾಗಿಯೂ ಒಂದೇ ಏನು? ಒಂದೇ ಆಗಿದ್ದರೆ ಯಾವುದನ್ನು ಉಳಿಸಿಕೊಳ್ಳಬೇಕು?

ಗ್ರಂಥಸಂಪಾದನೆಯಲ್ಲಿ ಹಳೆಯ ನಿಯಮವೊಂದಿದೆ. ಒಂದು ಪ್ರತಿಯು ನಮ್ಮ ಕೈಯಲ್ಲೇ ಇರುವ ಇನ್ನೊಂದು ಪ್ರತಿಯನ್ನು ನೋಡಿ ಬರೆದದ್ದೆಂದು ಸಿದ್ಧವಾದರೆ ಅದನ್ನು ಬದಿಗಿಡಬಹುದು. ಅದರಿಂದ ಹೊಸದೇನೂ ತಿಳಿಯುವುದಿಲ್ಲ. ಇದನ್ನು ಪತ್ತೆ ಹಚ್ಚುವುದು ತಪ್ಪುಗಳ ಮೂಲಕ. ಒಬ್ಬ ಲಿಪಿಕಾರ ಬಿಟ್ಟ ಸಾಲನ್ನೇ ಇನ್ನೊಬ್ಬನೂ ಬಿಟ್ಟಿದ್ದರೆ ಇಬ್ಬರಿಗೂ ನಂಟಿದೆ ಎಂದರ್ಥ. ಪುಣೆಯ ಭಾಂಡಾರಕರ ಸಂಶೋಧನ ಮಂದಿರದವರು 1,259 ಹಸ್ತಪ್ರತಿಗಳನ್ನು ಪರಿಶೀಲಿಸಿ, 1966ರಲ್ಲಿ ಮುಗಿಸಿದ ಮಹಾಭಾರತದ ಪರಿಷ್ಕರಣದ ಬೆನ್ನೆಲುಬೂ ಇಂಥ ಹೋಲಿಕೆಯೇ.

ಆದರೆ ಎಲ್ಲವೂ ಹೀಗೆ ಸಲೀಸಾಗಿ ಬಗೆಹರಿಯುವುದಿಲ್ಲ. ಉದ್ಯೋತನಸೂರಿ ಕ್ರಿ.ಶ. 779ರಲ್ಲಿ ಜಾಲೋರಿನಲ್ಲಿ ಮುಗಿಸಿದ ‘ಕುವಲಯಮಾಲಾ’ ಎಂಬ ಪ್ರಾಕೃತ ಕಥೆಯನ್ನು ಉಪಾಧ್ಯೆಯವರು ಕೈಗೆತ್ತಿಕೊಂಡಾಗ ಆಧಾರವಾಗಿ ಸಿಕ್ಕಿದ್ದು ಎರಡು ಪ್ರತಿಗಳು: ಜೈಸಲ್ಮೇರಿನ ಒಂದು ತಾಳೆಗರಿ, ಪುಣೆಯ ಒಂದು ಕಾಗದದ ಪ್ರತಿ. ಎರಡರಲ್ಲೂ ಕಥೆ ಒಂದೇ, ಪಾಠಾಂತರಗಳು ಮಾತ್ರ ಹೇರಳ. ತಾಳೆಗರಿಯೇ ಹಳೆಯದೆಂದು ಕಾಗದದ ಪ್ರತಿಯನ್ನು ಕೈಬಿಡುವಂತಿರಲಿಲ್ಲ. ಮೂಲಪಾಠದ ಸಂಪುಟ 1959ರಲ್ಲಿ ಹೊರಬಂದಾಗ ಎರಡರ ಸಾಕ್ಷ್ಯವೂ ಅದರಲ್ಲಿತ್ತು.

ಗಣಕಯಂತ್ರ ಬಂದ ಮೇಲೆ ನಕಲಿನ ಸ್ವರೂಪವೇ ಬದಲಾಯಿತು. ಯಂತ್ರಕ್ಕೆ ದಣಿವಿಲ್ಲ, ಕಣ್ತಪ್ಪಿಲ್ಲ. ಅದು ಮಾಡಿದ ಪ್ರತಿಯಲ್ಲಿ ಮೂಲಕ್ಕೂ ನಕಲಿಗೂ ಒಂದಕ್ಷರದ ವ್ಯತ್ಯಾಸವೂ ಇರುವುದಿಲ್ಲ. ಮೇಲಾಗಿ ನಕಲು ಮಾಡುವ ಖರ್ಚು ಸೊನ್ನೆ. ಮದುವೆಯ ಒಂದೇ ಫೋಟೊ ಕ್ಯಾಮೆರಾದ ಕಾರ್ಡಿನಲ್ಲಿ, ಸ್ಟುಡಿಯೊದ ಡಿಸ್ಕಿನಲ್ಲಿ, ಬೀಗರಿಗೆ ಕೊಟ್ಟ ಪೆನ್‌ಡ್ರೈವಿನಲ್ಲಿ, ಅವರ ಮಗನ ಲ್ಯಾಪ್‌ಟಾಪಿನಲ್ಲಿ ಕೂತಿರುತ್ತದೆ. ಸಹಕಾರಿ ಸಂಘದ ವಾರ್ಷಿಕ ವರದಿಯೂ ಅಷ್ಟೇ. ‘ಫೈನಲ್’, ‘ಫೈನಲ್ ಎರಡು’, ‘ಇದೇ ಫೈನಲ್’ ಎಂದು ಅದರ ಸಂತತಿ ಬೆಳೆಯುತ್ತದೆ!

ಇವುಗಳನ್ನು ಹುಡುಕುವ ಬಗೆ ಹೇಗೆ? ಒಂದು ಡಿಸ್ಕಿನಲ್ಲಿ 50,000 ಫೈಲುಗಳಿವೆ ಎಂದುಕೊಳ್ಳೋಣ. ಪ್ರತಿಯೊಂದನ್ನೂ ಉಳಿದೆಲ್ಲವುಗಳೊಡನೆ ಹೋಲಿಸಲು ಹೊರಟರೆ ಸುಮಾರು 125 ಕೋಟಿ ಜೋಡಿಗಳಾಗುತ್ತವೆ. ಆದ್ದರಿಂದ ಮೊದಲು ನೋಡುವುದು ಗಾತ್ರವನ್ನು. ಗಾತ್ರ ಬೇರೆಯಾದರೆ ಒಳಗಿನದೂ ಬೇರೆ, ಅಲ್ಲಿಗೆ ತಕರಾರು ಮುಗಿಯಿತು. ಗಾತ್ರ ಒಂದೇ ಆಗಿರುವವುಗಳಿಗೆ ಮಾತ್ರ ‘ಹ್ಯಾಷ್’ ಎಂಬ ಲೆಕ್ಕ ಹಾಕುತ್ತಾರೆ. ಇದನ್ನು ಫೈಲಿನ ಹೆಬ್ಬೆಟ್ಟಿನ ಗುರುತು ಎನ್ನಬಹುದು. ಅಮೆರಿಕದ ರೊನಾಲ್ಡ್ ರಿವೆಸ್ಟ್ 1991ರಲ್ಲಿ ರೂಪಿಸಿದ ಎಂಡಿ5 ಎಂಬ ವಿಧಾನವು ಎಷ್ಟೇ ದೊಡ್ಡ ಫೈಲನ್ನಾದರೂ 32 ಚಿಹ್ನೆಗಳ ಒಂದು ಸಾಲಿಗೆ ಇಳಿಸುತ್ತದೆ. ಒಂದು ಅಲ್ಪವಿರಾಮ ಬದಲಾದರೂ ಸಾಲು ಪೂರಾ ಬದಲಾಗುತ್ತದೆ. 2004ರಲ್ಲಿ ಚೀನಾದ ವಿದುಷಿ ಷಿಯಾವೊಯುನ್ ವಾಂಗ್ ಮತ್ತು ಸಂಗಡಿಗರು ಬೇರೆ ಬೇರೆ ಎರಡು ದತ್ತಾಂಶಗಳಿಗೆ ಬೇಕೆಂದೇ ಒಂದೇ ಎಂಡಿ5 ಗುರುತು ಬರುವಂತೆ ಮಾಡಿ ತೋರಿಸಿದರು. ಅಂದಿನಿಂದ ಭದ್ರತೆಯ ಕೆಲಸಕ್ಕೆ ಅದರ ಮೇಲಿನ ಭರವಸೆ ಕುಸಿಯಿತು. ಮನೆಯ ಡಿಸ್ಕಿನಲ್ಲಿ ಇಂಥದ್ದು ತಾನಾಗಿ ಘಟಿಸುವ ಸಂಭವ ಇಲ್ಲವೆನ್ನುವಷ್ಟು ಕಡಿಮೆ. ಆದರೂ ಎಚ್ಚರದ ತಂತ್ರಾಂಶಗಳು ಅಳಿಸುವ ಮೊದಲು ಎರಡು ಫೈಲುಗಳನ್ನೂ ಬೈಟಿಗೆ ಬೈಟು ತಾಳೆ ನೋಡುತ್ತವೆ.

ಏಡ್ರಿಯನ್ ಲೋಪೆಜ್ ಎಂಬವರು 1999ರ ಸುಮಾರಿಗೆ ಬರೆದ ‘ಎಫ್‌ಡ್ಯೂಪ್ಸ್’ ನಡೆಯುವುದು ಇದೇ ಕ್ರಮದಲ್ಲಿ. ವರ್ಜಿಲ್ ಡ್ಯೂಪ್ರಾ ಆರಂಭಿಸಿದ ‘ಡ್ಯೂಪ್‌ಗುರು’ ಕಿಟಕಿ, ಗುಂಡಿಗಳೊಡನೆ ಬಂದುದರಿಂದ ಸಾಮಾನ್ಯರಿಗೂ ಒಗ್ಗಿತು. 2020ರಲ್ಲಿ ಪೋಲೆಂಡಿನಿಂದ ಬಂದ ತಂತ್ರಾಂಶದ ಹೆಸರು ‘ಚ್ಕಾವ್ಕಾ’. ಪೋಲಿಷ್ ಭಾಷೆಯಲ್ಲಿ ಹಾಗೆಂದರೆ ಬಿಕ್ಕಳಿಕೆ! ಈ ಮೂರೂ ಸ್ವತಂತ್ರ ತಂತ್ರಾಂಶಗಳು, ಅಂದರೆ 1983ರಲ್ಲಿ ರಿಚರ್ಡ್ ಸ್ಟಾಲ್ಮನ್ ಗ್ನು ಯೋಜನೆಯನ್ನು ಘೋಷಿಸಿ ತೊಡಗಿಸಿದ ಪರಂಪರೆಗೆ ಸೇರಿದವು. ಇಂಗ್ಲಿಷಿನಲ್ಲಿ ‘ಫ್ರೀ’ ಎಂದರೆ ಪುಕ್ಕಟೆಯೋ ಸ್ವತಂತ್ರವೋ ಎಂದು ಜಗಳವಾಡಬೇಕು. ನಮ್ಮಲ್ಲಿ ಎರಡಕ್ಕೂ ಬೇರೆ ಪದಗಳಿರುವುದರಿಂದ ಆ ತಾಪತ್ರಯವಿಲ್ಲ. ದುಡ್ಡು ಕೊಡಬೇಕಿಲ್ಲ ಎಂಬುದು ಸಣ್ಣ ಲಾಭ. ನಮ್ಮ ಫೈಲುಗಳನ್ನು ಅಳಿಸುವ ಅಧಿಕಾರವನ್ನು ಯಾವ ತಂತ್ರಾಂಶಕ್ಕೆ ಕೊಡುತ್ತೇವೋ ಅದು ಒಳಗೆ ಏನು ಮಾಡುತ್ತದೆ ಎಂಬುದನ್ನು ಬಲ್ಲವರು ತೆರೆದು ನೋಡಬಹುದು ಎಂಬುದೇ ದೊಡ್ಡ ಲಾಭವೆಂದು ನನಗೆ ತೋರುತ್ತದೆ.

ಕನ್ನಡದ ಕಷ್ಟ ಶುರುವಾಗುವುದು ಇದಾದ ಮೇಲೆ. ಚಿಕ್ಕೋಡಿ ಎಂಬ ಹೆಸರನ್ನೇ ತೆಗೆದುಕೊಳ್ಳಿ. ಯುನಿಕೋಡಿನಲ್ಲಿ ‘ಕೋ’ದ ಓತ್ವವನ್ನು ಒಂದೇ ಸಂಕೇತವಾಗಿ ಬರೆಯಬಹುದು, ಎತ್ವ, ಕೊಂಬಿನ ದೀರ್ಘ, ಕೊನೆಯ ದೀರ್ಘಚಿಹ್ನೆ ಎಂದು ಮೂರು ಸಂಕೇತಗಳಾಗಿ ಒಡೆದೂ ಬರೆಯಬಹುದು. ಎರಡೂ ಸಮಾನವೆಂದು ಯುನಿಕೋಡ್ ಶಿಷ್ಟತೆಯೇ ಹೇಳುತ್ತದೆ, ಪರದೆಯ ಮೇಲೂ ಎರಡೂ ಒಂದೇ. ಆದರೆ ಸಾಮಾನ್ಯವಾಗಿ ಬಳಸುವ ಯುಟಿಎಫ್-8 ಕ್ರಮದಲ್ಲಿ ಮೊದಲನೆಯದು 24 ಬೈಟು, ಎರಡನೆಯದು 30 ಬೈಟು. ಗಾತ್ರ ನೋಡಿದಾಗಲೇ ತಂತ್ರಾಂಶ ಇವು ಬೇರೆ ಬೇರೆ ಎಂದು ಮುಂದೆ ಸಾಗುತ್ತದೆ. ಅದೃಷ್ಟಕ್ಕೆ ರಾಯಬಾಗ, ಅಥಣಿ, ಕಾಗವಾಡಗಳಿಗೆ ಈ ಪೀಡೆಯಿಲ್ಲ. ಆ ಹೆಸರುಗಳಲ್ಲಿ ಹೀಗೆ ಒಡೆಯುವ ಸ್ವರಚಿಹ್ನೆಯೇ ಇಲ್ಲ.

ಇದಕ್ಕಿಂತ ದೊಡ್ಡದು ಹಳೆಯ ಅಕ್ಷರಶೈಲಿಗಳ ಸಮಸ್ಯೆ. ಯುನಿಕೋಡ್ ಬಳಕೆಗೆ ಬರುವ ಮೊದಲು ನುಡಿ, ಬರಹ, ಶ್ರೀಲಿಪಿಗಳಲ್ಲಿ ಜೋಡಿಸಿದ ಕನ್ನಡವು ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಮೇಲೆ ಕನ್ನಡದ ಆಕಾರ ಕೂರಿಸಿದ್ದು. ಆ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ಅದು ಅರ್ಥವಿಲ್ಲದ ರೋಮನ್ ಅಕ್ಷರಗಳ ಗೊಂದಲವಾಗಿ ಕಾಣುತ್ತದೆ. ನಂತರ ಅದನ್ನೇ ಯುನಿಕೋಡಿಗೆ ಪರಿವರ್ತಿಸಿಟ್ಟರೆ, ಓದುವವರಿಗೆ ಲೇಖನ ಒಂದೇ, ಯಂತ್ರಕ್ಕೆ ಎರಡು. ಗಡಿಯ ಊರುಗಳಲ್ಲಿ ಇದಕ್ಕೆ ಇನ್ನೊಂದು ಪದರವಿದೆ. ಒಂದೇ ಆಮಂತ್ರಣ ಕನ್ನಡದಲ್ಲೂ ಮರಾಠಿಯಲ್ಲೂ ಇರುತ್ತದೆ. 2014ರಲ್ಲಿ ಜಿಲ್ಲೆಯ ಹೆಸರು ಅಧಿಕೃತವಾಗಿ ಬೆಳಗಾವಿಯಾದ ಮೇಲೆ ಆ ಒಂದು ಪದ ಮಾತ್ರ ತಿದ್ದಿ ಮತ್ತೆ ಉಳಿಸಿಟ್ಟ ಕಾಗದಪತ್ರಗಳೂ ಉಂಟು. ಇವು ನಕಲುಗಳೋ ಬೇರೆ ಪ್ರತಿಗಳೋ? ಇದನ್ನು ಮನುಷ್ಯನೇ ಕೂತು ಓದಿ ನಿರ್ಧರಿಸಬೇಕು. ಪರಿವರ್ತನೆಯಲ್ಲಿ ಒತ್ತಕ್ಷರಗಳು ಪಲ್ಲಟಗೊಳ್ಳುವುದುಂಟು. ಆದ್ದರಿಂದ ಹೊಸ ಪ್ರತಿಯನ್ನು ಕರಡು ತಿದ್ದಿ ಮುಗಿಸುವ ತನಕ ಹಳೆಯ ಫೈಲನ್ನು ಅಳಿಸುವುದೆಂದರೆ ತಾಳೆಗರಿಯನ್ನು ಒಲೆಗೆ ಹಾಕಿದ ಹಾಗೆ.

ಫೋಟೊಗಳಿಗೂ ಇದೇ ಮಾತು. ವಾಟ್ಸ್‌ಆ್ಯಪ್ ಮೂಲಕ ಬಂದ ಚಿತ್ರ ಸಾಮಾನ್ಯವಾಗಿ ಕುಗ್ಗಿಸಿದ ಚಿತ್ರ. ಅದರ ಹ್ಯಾಷ್ ಮೂಲಕ್ಕೆ ಹೊಂದುವುದಿಲ್ಲ. ಡ್ಯೂಪ್‌ಗುರು, ಚ್ಕಾವ್ಕಾಗಳಲ್ಲಿ ‘ಹೋಲುವ ಚಿತ್ರ’ ಹುಡುಕುವ ಸೌಲಭ್ಯವಿದೆ. ಅದು ಬೈಟುಗಳನ್ನು ಬಿಟ್ಟು ಚಿತ್ರದ ಒಟ್ಟು ರೂಪವನ್ನು ನೋಡುತ್ತದೆ. ಆಗ ಕುಗ್ಗಿದ ಪ್ರತಿಯ ಜೊತೆಗೆ, ಅಜ್ಜಿ ಕಣ್ಣು ಮುಚ್ಚಿದ ಚಿತ್ರವೂ ಮರುಕ್ಷಣ ತೆಗೆದ ಕಣ್ಣು ಬಿಟ್ಟ ಚಿತ್ರವೂ ಒಂದೇ ಗುಂಪಿಗೆ ಬಂದು ಬೀಳಬಹುದು.

ಅಳಿಸುವ ಮುನ್ನ ತಿಳಿದಿರಬೇಕಾದ ಸಂಗತಿಗಳು ಕೆಲವಿವೆ. ಎಫ್‌ಡ್ಯೂಪ್ಸ್‌ಗೆ ಅಳಿಸಲು ಹೇಳಿದರೆ ಅದು ಪ್ರತಿ ಗುಂಪಿನಲ್ಲೂ ಯಾವುದನ್ನು ಉಳಿಸಬೇಕೆಂದು ಸಂಖ್ಯೆ ಕೇಳುತ್ತದೆ. ಉಳಿದವು ಕಸದ ಬುಟ್ಟಿಗೂ ಹೋಗದೆ ನೇರವಾಗಿ ಹೊರಟುಹೋಗುತ್ತವೆ. ಡ್ಯೂಪ್‌ಗುರುವಿನಲ್ಲಿ ಬುಟ್ಟಿಗೆ ಕಳಿಸುವ ಆಯ್ಕೆ ಇದೆ. ಹೊಸಬರು ಅದನ್ನೇ ಬಳಸುವುದು ಕ್ಷೇಮ. ಕಾರ್ಯಾಚರಣ ವ್ಯವಸ್ಥೆಯ ಫೋಲ್ಡರುಗಳ ಕಡೆಗೆ ಹೋಗಲೇಬಾರದು, ಅಲ್ಲಿ ಒಂದೇ ಫೈಲು ಎರಡು ಕಡೆ ಇರಲು ಕಾರಣವಿರುತ್ತದೆ. ಇನ್ನು ಬೇರೆ ಡಿಸ್ಕಿನಲ್ಲಿ ಮುನ್ನೆಚ್ಚರಿಕೆಗಾಗಿ ಇಟ್ಟ ಪ್ರತಿಯನ್ನು ತಂತ್ರಾಂಶ ನಕಲೆಂದೇ ತೋರಿಸುತ್ತದೆ. ಅದು ಒಂದು ಡಿಸ್ಕು ಸತ್ತ ದಿನಕ್ಕೆಂದು ತೆಗೆದಿಟ್ಟದ್ದು. ಹುಡುಕಲು ಹೊರಡುವ ಮೊದಲು ಆ ಡಿಸ್ಕಿನ ತಂತಿಯನ್ನು ಕಿತ್ತು ಪಕ್ಕಕ್ಕಿಟ್ಟರಾಯಿತು.