ಪದೇ ಪದೇ ಸಂಚಾರ ನಿಯಮ ಉಲ್ಲಂಘನೆ: ಚಾಲನಾ ಪರವಾನಗಿ ರದ್ದಾಗುವುದು ಹೇಗೆ?

ದಂಡ ತೆತ್ತು ರಸೀದಿ ಪಡೆದರೆ ಸಂಚಾರ ನಿಯಮ ಉಲ್ಲಂಘನೆಯ ಪ್ರಕರಣ ಅಲ್ಲಿಗೇ ಮುಗಿಯಿತೆಂಬುದು ಹಲವು ಚಾಲಕರ ನಂಬಿಕೆ. ಕಾನೂನು ಹಾಗೆ ಹೇಳುವುದಿಲ್ಲ. 1988ರ ಮೋಟಾರು ವಾಹನಗಳ ಕಾಯ್ದೆಗೆ 2019ರಲ್ಲಿ ತಂದ ತಿದ್ದುಪಡಿಯ ಪ್ರಕಾರ, ದಂಡ ಕಟ್ಟಿ ರಾಜಿ ಮಾಡಿಕೊಂಡ ಅಪರಾಧವೂ ಹಿಂದಿನ ಅಪರಾಧವೆಂದೇ ಲೆಕ್ಕಕ್ಕೆ ಬರುತ್ತದೆ. ಪರವಾನಗಿ ಕುರಿತ ಕ್ರಮದಿಂದಲೂ ವಿನಾಯಿತಿ ಇಲ್ಲ.

ಯಾವ ಅಪರಾಧಗಳು?

ಅತಿವೇಗ, ಅಪಾಯಕಾರಿ ಚಾಲನೆ, ಮದ್ಯಪಾನ ಮಾಡಿ ಚಾಲನೆ, ದ್ವಿಚಕ್ರ ವಾಹನದಲ್ಲಿ ಮೂವರ ಸವಾರಿ, ಹೆಲ್ಮೆಟ್ ಧರಿಸದಿರುವುದು, ಆಂಬುಲೆನ್ಸ್‌ಗೆ ದಾರಿ ಬಿಡದಿರುವುದು ಮೊದಲಾದ ಪ್ರಕರಣಗಳಲ್ಲಿ ಪೊಲೀಸರು 206ನೇ ಸೆಕ್ಷನ್ ಅಡಿ ಪರವಾನಗಿಯನ್ನು ವಶಕ್ಕೆ ಪಡೆದು ಪರವಾನಗಿ ಪ್ರಾಧಿಕಾರಕ್ಕೆ, ಅಂದರೆ ಆರ್‌ಟಿಒ ಕಚೇರಿಗೆ ಕಳುಹಿಸುತ್ತಾರೆ. ಮುಂದಿನ ತೀರ್ಮಾನ ಪ್ರಾಧಿಕಾರದ್ದು.

ಶಿಕ್ಷೆಯ ಕ್ರಮ

19ನೇ ಸೆಕ್ಷನ್ ಪ್ರಕಾರ ಮೊದಲ ಅಪರಾಧಕ್ಕೆ 3 ತಿಂಗಳ ಅನರ್ಹತೆ. ಎರಡನೆಯ ಅಥವಾ ನಂತರದ ಅಪರಾಧಕ್ಕೆ ಪರವಾನಗಿಯೇ ರದ್ದು. ರದ್ದಾದವರ ಹೆಸರನ್ನು ಬಹಿರಂಗಪಡಿಸಲೂ ಅವಕಾಶವಿದೆ. ಅನರ್ಹತೆಯ ಅವಧಿ ಮುಗಿದರೂ ಮರುತರಬೇತಿ ಪೂರೈಸಿದ ಬಳಿಕವೇ ಪರವಾನಗಿ ಮರಳಿ ಕೈಸೇರುತ್ತದೆ.

ಅಪಾಯಕಾರಿ ಚಾಲನೆಗಾಗಿ ಹಿಂದೆ ಶಿಕ್ಷೆಗೊಳಗಾದವರು ಮತ್ತೆ ಅದೇ ರೀತಿ ವಾಹನ ಓಡಿಸಿ ಸಾವು ಅಥವಾ ತೀವ್ರ ಗಾಯಕ್ಕೆ ಕಾರಣರಾದ ಆರೋಪದ ಮೇಲೆ ಪ್ರಕರಣ ದಾಖಲಾದರೆ, 21ನೇ ಸೆಕ್ಷನ್ ಅಡಿ ಆ ದಿನದಿಂದಲೇ ಪರವಾನಗಿ 6 ತಿಂಗಳು ಅಮಾನತುಗೊಳ್ಳುತ್ತದೆ. ಅದಕ್ಕೂ ಮುನ್ನ ಖುಲಾಸೆಯಾದರೆ ಅಮಾನತು ಅಲ್ಲಿಗೆ ಕೊನೆಗೊಳ್ಳುತ್ತದೆ.

ಅನರ್ಹಗೊಂಡ ಅವಧಿಯಲ್ಲಿ ವಾಹನ ಓಡಿಸಿದರೆ 3 ತಿಂಗಳವರೆಗೆ ಸೆರೆವಾಸ, 10,000 ರೂಪಾಯಿ ದಂಡ ಅಥವಾ ಎರಡನ್ನೂ ಕಾಯ್ದೆ ವಿಧಿಸುತ್ತದೆ. ಅಂಥವರ ಕೈಗೆ ವಾಹನ ಕೊಟ್ಟ ಮಾಲೀಕರೂ ಶಿಕ್ಷಾರ್ಹರು.

ಚಾಲಕರಿಗಿರುವ ರಕ್ಷಣೆ

ಟ್ಯಾಕ್ಸಿ, ಲಾರಿ, ಆಟೊ ಚಾಲಕರಿಗೆ ಪರವಾನಗಿ ಕಳೆದುಕೊಳ್ಳುವುದೆಂದರೆ ಅನ್ನದ ದಾರಿಯನ್ನೇ ಕಳೆದುಕೊಂಡಂತೆ. ಆದ್ದರಿಂದ 19ನೇ ಸೆಕ್ಷನ್ ಅಡಿ ಆದೇಶ ಹೊರಡಿಸುವ ಮುನ್ನ ಅಹವಾಲು ಹೇಳಿಕೊಳ್ಳಲು ಅವಕಾಶ ನೀಡಬೇಕು, ಕಾರಣಗಳನ್ನು ಲಿಖಿತವಾಗಿ ದಾಖಲಿಸಬೇಕು. ಆದೇಶ ಕೈಸೇರಿದ 30 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು. ನೋಟಿಸ್ ಬಂದಾಗ ವಿಚಾರಣೆಗೆ ಹಾಜರಾಗದೆ ಉಳಿದರೆ ಈ ಅವಕಾಶ ಕೈತಪ್ಪುತ್ತದೆ.

ಕಠಿಣ ಕ್ರಮಕ್ಕೆ ಕಾರಣವೂ ಸ್ಪಷ್ಟ. 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ 1,68,491 ಮಂದಿ ಪ್ರಾಣ ಕಳೆದುಕೊಂಡರೆಂದು ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ. ಸುಪ್ರೀಂ ಕೋರ್ಟ್ ನೇಮಿಸಿದ್ದ ರಸ್ತೆ ಸುರಕ್ಷತಾ ಸಮಿತಿಯು 2015ರಲ್ಲೇ, ಸಿಗ್ನಲ್ ಉಲ್ಲಂಘನೆ, ಚಾಲನೆ ವೇಳೆ ಮೊಬೈಲ್ ಬಳಕೆಯಂಥ ತಪ್ಪುಗಳಿಗೂ ಕನಿಷ್ಠ 3 ತಿಂಗಳು ಪರವಾನಗಿ ಅಮಾನತುಗೊಳಿಸುವಂತೆ ರಾಜ್ಯಗಳಿಗೆ ಸೂಚಿಸಿತ್ತು. ಹಣವುಳ್ಳವರಿಗೆ ದಂಡ ಹೊರೆಯಾಗದು. ಪರವಾನಗಿ ರದ್ದತಿ ಮಾತ್ರ ಎಲ್ಲರಿಗೂ ಒಂದೇ.