ನಾಯಿಗಳಲ್ಲಿ ಮೂರ್ಛೆರೋಗ: ಲಕ್ಷಣ, ವರ್ತನೆ, ಚಿಕಿತ್ಸೆ ಮತ್ತು ಕ್ಷೇಮ

ಪೀಠಿಕೆ

2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳಲ್ಲಿ ನಾಯಿಯು ಕುರಿಹಟ್ಟಿಯ ಕಾವಲಿಗೂ, ಹೊಲಮನೆಗಳ ರಕ್ಷಣೆಗೂ ಅವಶ್ಯವಾದ ಪ್ರಾಣಿಯಾಗಿದೆ. ಹೂವಿನಹಡಗಲಿ ತಾಲ್ಲೂಕಿನ ಮೈಲಾರ ಕ್ಷೇತ್ರದ ಗೊರವ ಪರಂಪರೆಯಲ್ಲಿ ನಾಯಿಗೆ ಗೌರವದ ಸ್ಥಾನವಿದೆ. ಆದಾಗ್ಯೂ ಇದ್ದಕ್ಕಿದ್ದಂತೆ ಬಿದ್ದು ಒದ್ದಾಡುವ ನಾಯಿಯನ್ನು ಹುಚ್ಚುನಾಯಿ ಎಂದು ಭಾವಿಸಿ ಹೊಡೆದು ಕೊಲ್ಲುವುದುಂಟು. ಚಿಕಿತ್ಸೆಯಿಂದ ಹತೋಟಿಗೆ ಬರಬಹುದಾದ ಕಾಯಿಲೆಗೆ ಪ್ರಾಣಿಯು ಬಲಿಯಾಗದಿರಲೆಂದು ಈ ಮಾಹಿತಿಯನ್ನು ನೀಡಲಾಗಿದೆ.

ಮೂರ್ಛೆರೋಗ ಎಂದರೇನು?

ಮೆದುಳಿನ ನರಕೋಶಗಳಲ್ಲಿ ವಿದ್ಯುತ್ ಚಟುವಟಿಕೆಯು ಒಮ್ಮೆಲೇ ಅಂಕೆ ಮೀರಿದಾಗ ಮೂರ್ಛೆ ಅಥವಾ ಫಿಟ್ಸ್ ಉಂಟಾಗುತ್ತದೆ. ನಾಯಿಯು ಪಕ್ಕಕ್ಕೆ ಬಿದ್ದು, ಕಾಲುಗಳನ್ನು ಸೆಟೆದು, ಬಡಿಯುತ್ತದೆ. ಜೊಲ್ಲು ಸುರಿಯಬಹುದು, ಮಲಮೂತ್ರ ವಿಸರ್ಜನೆಯಾಗಬಹುದು. ಸಾಮಾನ್ಯವಾಗಿ ಒಂದೆರಡು ನಿಮಿಷಗಳಲ್ಲಿ ಇದು ನಿಲ್ಲುತ್ತದೆ. ನಂತರ ಕೆಲಕಾಲ ದಿಕ್ಕು ತೋಚದಂತೆ ಅಲೆಯುವುದು, ಕಣ್ಣು ಕಾಣದಂತಿರುವುದು, ಅತಿಯಾದ ಹಸಿವು ಕಂಡುಬರುತ್ತವೆ.

ಅಂತರರಾಷ್ಟ್ರೀಯ ಪಶುವೈದ್ಯಕೀಯ ತಜ್ಞರ ಕಾರ್ಯಪಡೆಯು 2015ರಲ್ಲಿ ಪ್ರಕಟಿಸಿದ ಒಮ್ಮತದ ವರದಿಯ ಪ್ರಕಾರ, ಹೊರಗಿನ ಪ್ರಚೋದನೆಯಿಲ್ಲದೆ 24 ಗಂಟೆಗಳಿಗಿಂತ ಹೆಚ್ಚು ಅಂತರದಲ್ಲಿ ಕನಿಷ್ಠ ಎರಡು ಬಾರಿ ಮೂರ್ಛೆ ಬಂದಲ್ಲಿ ಅದನ್ನು ಮೂರ್ಛೆರೋಗವೆಂದು ಪರಿಗಣಿಸಲಾಗುತ್ತದೆ. ಬೇರೆ ಕಾರಣ ಕಂಡುಬಾರದ ಮೂರ್ಛೆರೋಗವು ಹೆಚ್ಚಾಗಿ 6 ತಿಂಗಳಿಂದ 6 ವರ್ಷದೊಳಗೆ ಆರಂಭವಾಗುತ್ತದೆ. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್ ಮೊದಲಾದ ತಳಿಗಳಲ್ಲಿ ಇದು ವಂಶಪಾರಂಪರ್ಯವಾಗಿ ಬರಬಹುದು. ಆದ್ದರಿಂದ ರೋಗವಿರುವ ನಾಯಿಯಿಂದ ಮರಿ ಪಡೆಯಬಾರದು.

ಇತರ ಕಾಯಿಲೆಗಳೊಂದಿಗೆ ವ್ಯತ್ಯಾಸ

1. ರೇಬೀಸ್: ಮೂರ್ಛೆರೋಗವಿರುವ ನಾಯಿಯು ಎರಡು ಮೂರ್ಛೆಗಳ ನಡುವೆ ಸಾಮಾನ್ಯವಾಗಿ ಆರೋಗ್ಯವಾಗಿರುತ್ತದೆ. ರೇಬೀಸ್ ತಗುಲಿದ ನಾಯಿಯ ಸ್ಥಿತಿಯು ದಿನೇ ದಿನೇ ಬಿಗಡಾಯಿಸುತ್ತದೆ. ಬೊಗಳುವ ಧ್ವನಿ ಬದಲಾಗುತ್ತದೆ, ದವಡೆ ಜೋತುಬೀಳುತ್ತದೆ, ಸಾಮಾನ್ಯವಾಗಿ ಲಕ್ಷಣ ಕಂಡ ಹತ್ತು ದಿನಗಳೊಳಗೆ ಸಾವು ಸಂಭವಿಸುತ್ತದೆ. ರೇಬೀಸ್‌ನಲ್ಲಿಯೂ ಸೆಳೆತ ಬರಬಹುದಾದ್ದರಿಂದ, ಲಸಿಕೆ ಹಾಕಿಸದ ನಾಯಿಗೆ ಮೊದಲ ಬಾರಿ ಮೂರ್ಛೆ ಬಂದಲ್ಲಿ ಅದರ ಬಾಯಿ ಹಾಗೂ ಜೊಲ್ಲನ್ನು ಮುಟ್ಟಬಾರದು.
2. ಡಿಸ್ಟೆಂಪರ್: ಜ್ವರ, ಕಣ್ಣು ಮೂಗಿನಿಂದ ಸ್ರಾವ, ನಂತರ ದವಡೆ ಅಥವಾ ಕಾಲಿನ ಅದುರುವಿಕೆ.
3. ವಿಷಪ್ರಾಶನ: ಹೊಲಗಳಲ್ಲಿ ಬಳಸುವ ಕೀಟನಾಶಕ ಸೇವನೆಯಿಂದ ನಡುಕ, ವಾಂತಿ, ಭೇದಿ, ವಿಪರೀತ ಜೊಲ್ಲು.
4. ಸುಣ್ಣದಂಶದ ಕೊರತೆ: ಮರಿಗಳಿಗೆ ಹಾಲುಣಿಸುವ ತಾಯಿನಾಯಿಗೆ ಸೆಳೆತ ಬಂದಲ್ಲಿ ಕ್ಯಾಲ್ಸಿಯಂ ಕೊರತೆಯ ಸಾಧ್ಯತೆಯಿದ್ದು, ತಕ್ಷಣ ಚಿಕಿತ್ಸೆ ಅಗತ್ಯ.

ವರ್ತನೆ ಮತ್ತು ಕ್ಷೇಮ ಕುರಿತ ಸಂಶೋಧನೆ

ಲಂಡನ್ನಿನ ರಾಯಲ್ ವೆಟರಿನರಿ ಕಾಲೇಜಿನ ಸಂಶೋಧಕಿ ಡಾ. ರೊವೆನಾ ಪ್ಯಾಕರ್ ಅವರು ನಾಯಿಗಳ ಮೂರ್ಛೆರೋಗ, ವರ್ತನೆ ಮತ್ತು ಕ್ಷೇಮದ ಬಗ್ಗೆ ದೀರ್ಘಕಾಲ ಅಧ್ಯಯನ ನಡೆಸಿದ್ದಾರೆ. ಮೂರ್ಛೆಗಳ ಸಂಖ್ಯೆಯೊಂದೇ ಈ ಕಾಯಿಲೆಯ ಅಳತೆಯಲ್ಲ ಎಂಬುದು ಈ ಅಧ್ಯಯನಗಳಿಂದ ವಿದಿತವಾಗುತ್ತದೆ. ಮೂರ್ಛೆ ಇಲ್ಲದ ದಿನಗಳಲ್ಲಿಯೂ ಇಂತಹ ನಾಯಿಗಳಲ್ಲಿ ಭಯ, ಆತಂಕ ಹಾಗೂ ಕಲಿಕೆಯ ಕೊರತೆ ಹೆಚ್ಚಾಗಿ ಕಾಣಬಹುದು. ಮೊದಲು ಮಾತು ಕೇಳುತ್ತಿದ್ದ ನಾಯಿಯು ಈಗ ಕೇಳದಿದ್ದರೆ ಅದು ಹಠವಲ್ಲ, ಕಾಯಿಲೆಯ ಅಥವಾ ಔಷಧಿಯ ಪರಿಣಾಮವಿರಬಹುದು. ಆದ್ದರಿಂದ ಹೊಡೆದು ಕಲಿಸದೆ, ತಿನಿಸು ಹಾಗೂ ಮೆಚ್ಚುಗೆಯ ಮೂಲಕ ಕಲಿಸುವುದು ಸೂಕ್ತ.

ಅದೇ ಕಾಲೇಜಿನ ತಂಡವು 2015ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಔಷಧಿಯೊಂದಿಗೆ ಮಧ್ಯಮ ಸರಪಳಿಯ ಕೊಬ್ಬುಳ್ಳ ವಿಶೇಷ ಆಹಾರ ಪಡೆದ 21 ನಾಯಿಗಳ ಪೈಕಿ 3 ನಾಯಿಗಳಿಗೆ ಮೂರ್ಛೆ ನಿಂತಿತು. ಇನ್ನೂ 7 ನಾಯಿಗಳಲ್ಲಿ ಅರ್ಧಕ್ಕೂ ಹೆಚ್ಚು ಕಡಿಮೆಯಾಯಿತು. 6 ನಾಯಿಗಳಲ್ಲಿ ಪರಿಣಾಮ ಕಂಡುಬರಲಿಲ್ಲ. ಈ ಆಹಾರವು ಔಷಧಿಗೆ ಪೂರಕವೇ ಹೊರತು ಬದಲಿಯಲ್ಲ. ಇದಕ್ಕೆ ಬದಲಾಗಿ ಮನೆಯ ಕೊಬ್ಬರಿ ಎಣ್ಣೆಯನ್ನು ತಾವಾಗಿಯೇ ಕುಡಿಸಬಾರದು.

ಮೂರ್ಛೆ ಬಂದಾಗ ಅನುಸರಿಸಬೇಕಾದ ಕ್ರಮಗಳು

* ಕಲ್ಲು, ಮೆಟ್ಟಿಲು, ನೀರಿನ ತೊಟ್ಟಿಗಳಿಂದ ದೂರವಿರಿಸಿ. ಮಕ್ಕಳನ್ನು ಹತ್ತಿರ ಬಿಡಬೇಡಿ.
* ಬಾಯಿಗೆ ಕೈ, ಕಬ್ಬಿಣ, ನೀರು, ಮಜ್ಜಿಗೆ ಹಾಕಬೇಡಿ. ಈರುಳ್ಳಿ ತಿನ್ನಿಸಬೇಡಿ, ಅದು ನಾಯಿಗೆ ವಿಷಕಾರಿ.
* ಆರಂಭದ ಸಮಯ, ಅವಧಿ ಬರೆದಿಟ್ಟುಕೊಳ್ಳಿ. ಸಾಧ್ಯವಿದ್ದಲ್ಲಿ ಮೊಬೈಲಿನಲ್ಲಿ ಚಿತ್ರೀಕರಿಸಿ.
* ಬಿಸಿಲಿನಲ್ಲಿ ಬಿದ್ದಿದ್ದರೆ ನೆರಳು ಮಾಡಿ, ಗಾಳಿಯಾಡಲು ಬಿಡಿ.
* ಮೂರ್ಛೆಯು 5 ನಿಮಿಷ ಮೀರಿದಲ್ಲಿ, ಅಥವಾ 24 ಗಂಟೆಯೊಳಗೆ ಎರಡು ಅಥವಾ ಹೆಚ್ಚು ಬಾರಿ ಬಂದಲ್ಲಿ ತುರ್ತಾಗಿ ಪಶುವೈದ್ಯರನ್ನು ಕಾಣಿ.

ಚಿಕಿತ್ಸೆ

ಫಿನೋಬಾರ್ಬಿಟಾಲ್ ಹಾಗೂ ಪೊಟ್ಯಾಸಿಯಂ ಬ್ರೋಮೈಡ್ ಪ್ರಮುಖ ಔಷಧಿಗಳಾಗಿದ್ದು, ಪಶುವೈದ್ಯರ ಸಲಹೆಯಂತೆಯೇ ನೀಡತಕ್ಕದ್ದು. ಫಿನೋಬಾರ್ಬಿಟಾಲ್ ಮಾತ್ರೆಯನ್ನು ಸಾಮಾನ್ಯವಾಗಿ ದಿನಕ್ಕೆ ಎರಡು ಬಾರಿ, ನಿಗದಿತ ಸಮಯಕ್ಕೆ ಕೊಡಬೇಕು. ಆರಂಭದಲ್ಲಿ ಮಂಪರು, ಹಸಿವು, ಬಾಯಾರಿಕೆ ಹೆಚ್ಚಬಹುದು. ಯಕೃತ್ತಿನ ಮೇಲೆ ಪರಿಣಾಮವಾಗುವ ಸಾಧ್ಯತೆಯಿರುವುದರಿಂದ ಕಾಲಕಾಲಕ್ಕೆ ರಕ್ತಪರೀಕ್ಷೆ ಅವಶ್ಯ. ಮೂರ್ಛೆ ನಿಂತಿತೆಂದು ಮಾತ್ರೆಯನ್ನು ಏಕಾಏಕಿ ನಿಲ್ಲಿಸಿದಲ್ಲಿ ಪ್ರಾಣಾಪಾಯವಾಗಬಹುದು. ಹಟ್ಟಿಯೊಂದಿಗೆ ಊರೂರು ಅಲೆಯುವ ಕುರಿಗಾಹಿಗಳು ಹೊರಡುವ ಮೊದಲೇ ಸಾಕಷ್ಟು ಮಾತ್ರೆ ಇಟ್ಟುಕೊಳ್ಳುವುದು ಒಳಿತು.

ಸಂಪರ್ಕ

ತಾಲ್ಲೂಕು ಕೇಂದ್ರಗಳ ಸರ್ಕಾರಿ ಪಶು ಆಸ್ಪತ್ರೆಗಳನ್ನು ಅಥವಾ ಸಂಚಾರಿ ಪಶು ಚಿಕಿತ್ಸಾ ಘಟಕದ ಸಹಾಯವಾಣಿ 1962 ಅನ್ನು ಸಂಪರ್ಕಿಸಬಹುದು. ಹೆಚ್ಚಿನ ತಪಾಸಣೆ ಬೇಕಾದಲ್ಲಿ ಶಿವಮೊಗ್ಗ ಅಥವಾ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಮಹಾವಿದ್ಯಾಲಯಕ್ಕೆ ಕರೆದೊಯ್ಯಬಹುದು. ನಾಯಿ ಕಚ್ಚಿದಲ್ಲಿ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಕೂಡಲೇ ಸರ್ಕಾರಿ ಆಸ್ಪತ್ರೆಗೆ ತೆರಳಬೇಕು.

ಪ್ರಾಣಿಗಳನ್ನು ಹಿಂಸಿಸುವುದು ಪ್ರಾಣಿಹಿಂಸೆ ತಡೆ ಅಧಿನಿಯಮ, 1960ರ ಪ್ರಕಾರ ಅಪರಾಧವಾಗಿರುತ್ತದೆ. ಬಿದ್ದು ಒದ್ದಾಡುವ ನಾಯಿಯನ್ನು ಕಂಡಾಗ ಕಲ್ಲು ಎತ್ತಿಕೊಳ್ಳದೆ, ದೂರ ನಿಂತು, ಪಶುವೈದ್ಯರಿಗೆ ತಿಳಿಸಬೇಕೆಂದು ಸಾರ್ವಜನಿಕರಲ್ಲಿ ಕೋರಲಾಗಿದೆ.